ಕೆಳಗಿನ ಹಲಗೆ

ಬರುವ ಭಾನುವಾರಕ್ಕೆ ಬಂಕೊಲೆ ತೀರಿಕೊಂಡು ಒಂದು ವರ್ಷ ತುಂಬುತ್ತಿತ್ತು. ಅಂದು ಅವನ ಹೆಂಡತಿ ಇಯಾಮಿಡೆ ಕಪ್ಪು ಬಟ್ಟೆ ತೆಗೆದು ಬಿಳಿ ಉಡಬೇಕು. ಶೋಕ ಬಿಚ್ಚುವುದೆಂದರೆ ನಮ್ಮ ಲೆಸ್ಟರ್ ಗುಡ್ಡದಲ್ಲಿ ಸಣ್ಣ ಮಾತಲ್ಲ. ಬೆಳಿಗ್ಗೆ ಚರ್ಚು, ಅಲ್ಲಿಂದ ಗೋರಿಗೆ ನೀರು, ಮಧ್ಯಾಹ್ನ ಮನೆ ತುಂಬ ಜನ. ಬಂದವರು ಬಾಯಲ್ಲಿ ಸಮಾಧಾನ ಹೇಳುತ್ತಾರೆ, ಕಣ್ಣಲ್ಲಿ ಎರಡು ವಿಷಯ ಅಳೆಯುತ್ತಾರೆ: ಹೆಂಗಸಿನ ಬಟ್ಟೆ ಎಷ್ಟು ಬಿಳಿ, ಮನೆಯ ಮುಂದಿನ ಗೋಡೆ ಎಷ್ಟು ಚೊಕ್ಕಟ. ಇವೆರಡರಲ್ಲಿ ಒಂದು ಕಡಿಮೆಯಾದರೂ ಸಾಕು, ಸಂಜೆಯೊಳಗೆ ಸುದ್ದಿ ಗುಡ್ಡ ಇಳಿದು ಫ್ರೀಟೌನಿನ ಪೇಟೆ ಮುಟ್ಟಿರುತ್ತದೆ.

ಬಟ್ಟೆ ಹೊಲಿದು ಸಿದ್ಧವಾಗಿತ್ತು. ತೊಂದರೆಯಿದ್ದದ್ದು ಗೋಡೆಯದು.

ಅದು ಬಂಕೊಲೆಯ ಮುತ್ತಜ್ಜ ಕಟ್ಟಿಸಿದ ಹಲಗೆ ಮನೆ. ಮೊಣಕಾಲೆತ್ತರಕ್ಕೆ ಕೆಂಪು ಕಲ್ಲಿನ ತಳ. ಅದರ ಮೇಲೆ ಅಡ್ಡಡ್ಡ ಹೊಡೆದ ಹಲಗೆಗಳು, ಒಂದೊಂದು ಹಲಗೆಯೂ ತನ್ನ ಕೆಳಗಿನದರ ತಲೆಯನ್ನು ಮುಚ್ಚುವಂತೆ. ಮೇಲೆ ತಗಡು. ಅಕ್ಕಪಕ್ಕದವರೆಲ್ಲ ಒಬ್ಬೊಬ್ಬರಾಗಿ ಸಿಮೆಂಟಿನ ಕಡೆ ಹೋದರೂ ಬಂಕೊಲೆ ಜಗ್ಗಲಿಲ್ಲ. ಪ್ರತಿ ಡಿಸೆಂಬರಿನ ಮೊದಲ ವಾರ, ಮಳೆ ನಿಂತು ಒಣಗಾಳಿ ಶುರುವಾದ ಮೇಲೆ, ಒಂದು ದಿನ ರಜೆ ಹಾಕಿ ಮುಂದಿನ ಗೋಡೆಯನ್ನು ತಾನೇ ತೊಳೆಯುತ್ತಿದ್ದ. ಕಳೆದ ವರ್ಷ ನವೆಂಬರಿನ ಕೊನೆಗೆ ಅವನು ಹೋಗಿಬಿಟ್ಟ. ಗೋಡೆ ತೊಳೆಯದೆ ಉಳಿಯಿತು. ಸಾಲದ್ದಕ್ಕೆ ಆ ಮನೆತನದಲ್ಲಿ ಒಂದು ಕಟ್ಟುಪಾಡು: ಸಾವಾದ ವರ್ಷ ಮುಂದಿನ ಗೋಡೆಗೆ ನೀರು ಸೋಕಿಸಬಾರದು. ಯಾಕೆ ಅಂದರೆ ಯಾರಿಗೂ ಗೊತ್ತಿಲ್ಲ. ಬಂಕೊಲೆಯ ಅಜ್ಜಿ ಹೇಳಿದ್ದಳಂತೆ, ಆ ಮುದುಕಿಯನ್ನು ಎದುರು ಪ್ರಶ್ನೆ ಕೇಳುವ ಎದೆ ಯಾರಿಗೂ ಇರಲಿಲ್ಲವಂತೆ. ಹೀಗಾಗಿ ಎರಡು ಮಳೆಗಾಲದ ಪಾಚಿ ಆ ಬೆಣ್ಣೆ ಬಣ್ಣದ ಗೋಡೆಯ ಮೇಲೆ ಹಸಿರಾಗಿ, ಆಮೇಲೆ ಕಪ್ಪಾಗಿ ಕೂತಿತ್ತು. ಕಟ್ಟುಪಾಡನ್ನು ಮುರಿಯುವಂತಿಲ್ಲ, ಭಾನುವಾರವನ್ನು ಮುಂದೆ ತಳ್ಳುವಂತಿಲ್ಲ. ಮನೆಯ ಹಿರಿಯರೆಲ್ಲ ಕೂತು, ಕೊನೆಯ ವಾರದಲ್ಲಿ ತೊಳೆದರೆ ಅಜ್ಜಿ ಬೇಸರ ಮಾಡಿಕೊಳ್ಳಲಾರಳು ಎಂದು ತೀರ್ಮಾನ ಮಾಡಿದರು. ತೊಳೆಯುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ.

ಅದನ್ನು ಎತ್ತಿದವಳು ಬಂಕೊಲೆಯ ತಂಗಿ ಯೂಜೀನಿಯಾ. ಅವಳೂ ಇಯಾಮಿಡೆಯೂ ಒಂದೇ ಸ್ಕೂಲು, ಒಂದೇ ಬೆಂಚು. ಆದ್ದರಿಂದ ಮದುವೆಯಾದಂದಿನಿಂದ ಅತ್ತಿಗೆ ಅಂತ ಕರೆದರೂ ಏಕವಚನ ಬಿಟ್ಟವಳಲ್ಲ. ಬುಧವಾರ ಬೆಳಿಗ್ಗೆ ಅವಳು ಪೇಟೆಯಿಂದ ವ್ಯಾನು ಮಾಡಿಕೊಂಡು ಬಂದಳು. ಅದರಲ್ಲಿ ಪೆಟ್ರೋಲಿನಿಂದ ಓಡುವ ಒಂದು ನೀರಿನ ಯಂತ್ರ, ಹಾವಿನುದ್ದದ ಪೈಪು, ಜೊತೆಗೆ ಸೋರಿ ಎಂಬ ಮೂವತ್ತೈದರ ಗಂಡಸು. ಅವನು ದಿನಾ ವಾಹನ ತೊಳೆಯುವವನು. ಈಚೆಗೆ ಸಿರಿವಂತರ ಸಿಮೆಂಟು ಮನೆಗಳನ್ನೂ ತೊಳೆದು ಹೆಸರು ಮಾಡಿದ್ದ.

ಅರ್ಧ ಗಂಟೆಯಲ್ಲಿ ಹೊಸ ಮನೆ ಮಾಡಿ ಕೊಡ್ತಾನೆ ನೋಡು ಎಂದು ಯೂಜೀನಿಯಾ ಅಂಗಳದಲ್ಲೇ ಸಾರಿದಳು. ಇಯಾಮಿಡೆಗೆ ಮನಸ್ಸಿರಲಿಲ್ಲ. ಆದರೆ ಬೇಡ ಅನ್ನಲು ಕಾರಣವೂ ಸಿಗಲಿಲ್ಲ. ಕೊನೆಗೆ ಹಿಂದಿನ ಗೋಡೆಯ ಮೇಲೆ ಮೊದಲು ನೋಡೋಣ, ಆಮೇಲೆ ಮುಂದಿನದು ಎಂದಳು. ಆ ಬುದ್ಧಿ ಅವಳಿಗೆ ಹೊಳೆದದ್ದು ಆ ಮನೆಯ ಪುಣ್ಯ.

ಯಂತ್ರ ಗುಡುಗಿತು. ನೀರು ಬಡಿದಲ್ಲೆಲ್ಲ ಪಾಚಿ ಹಾರಿಹೋಗಿ ಕೆಳಗಿನ ಬಣ್ಣ ಫಳಫಳ ಹೊಳೆಯಿತು. ಯೂಜೀನಿಯಾ ಚಪ್ಪಾಳೆ ಹೊಡೆದಳು. ಇನ್ನೂ ಎರಡು ನಿಮಿಷ ಕಳೆಯುವುದರೊಳಗೆ ಬಣ್ಣವೂ ಹಾರಿತು. ಅದರ ಹಿಂದೆಯೇ ಮರದ ನಾರು ರೋಮದ ಹಾಗೆ ಎದ್ದು ನಿಂತಿತು. ಇಯಾಮಿಡೆ ಒಳಗೆ ಓಡಿ ನೋಡಿದರೆ ಮಲಗುವ ಕೋಣೆಯ ಗೋಡೆಯಿಂದ ಕಂದು ನೀರು ಇಳಿದು ಮಂಚದ ಕಾಲಿನವರೆಗೆ ಹರಿದಿತ್ತು. ಬಿಳಿ ಬಟ್ಟೆ ಮುಂದಿನ ಕೋಣೆಯ ಬೀರುವಿನಲ್ಲಿ ಇದ್ದದ್ದರಿಂದ ಉಳಿಯಿತು.

ಸೋರಿ ಯಂತ್ರ ನಿಲ್ಲಿಸಿದ. ಹಲಗೆಯ ಅಂಚಿಗೆ ಬೆರಳು ಹಾಕಿ ನೋಡಿ, ಕೈ ಒರೆಸಿಕೊಂಡ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಜಾತಿಯವನಲ್ಲ ಅವನು.

"ಅಮ್ಮಾ, ಈ ಗೋಡೆ ಕಟ್ಟಿದವ್ರು ಮೇಲಿಂದ ಬೀಳೋ ಮಳೆ ಜಾರಿ ಹೋಗ್ಲಿ ಅಂತ ಕಟ್ಟಿದ್ದಾರೆ," ಅಂದ. "ನಾನು ಕೆಳಗೆ ನಿಂತು ಮೇಲಕ್ಕೆ ಮಳೆ ಹೊಡೆದೆ. ಸಿಮೆಂಟಿಗೆ ನಡೆಯುತ್ತೆ, ಇದಕ್ಕೆ ನಡೆಯಲ್ಲ. ಇದು ಕೈಯಲ್ಲೇ ಆಗೋ ಕೆಲಸ."

ಕೈಯಲ್ಲಿ ಮಾಡುವವರು ಯಾರು, ಇದ್ದವನು ಗೋರಿಯಲ್ಲಿ ಮಲಗಿದ್ದಾನಲ್ಲ ಎಂದು ಯೂಜೀನಿಯಾ ಸಿಡುಕಿದಳು. ಯಂತ್ರ ಕೈಕೊಟ್ಟ ಸಿಟ್ಟು ಅವಳಿಗೆ ಎಲ್ಲಾದರೂ ಇಳಿಸಬೇಕಿತ್ತು. ಇಯಾಮಿಡೆ ತಣ್ಣಗೆ, ಅವನು ಹೇಗೆ ತೊಳೀತಿದ್ದ ಅನ್ನೋದು ತನಗೆ ಗೊತ್ತು ಎಂದಳು.

"ನಿನಗೇನು ಗೊತ್ತು ಅತ್ತಿಗೆ? ನೀನು ಏಣಿ ಹಿಡ್ಕೊಂಡು ನಿಂತಿದ್ದೆ ಅಷ್ಟೇ."

"ಇಪ್ಪತ್ತೊಂಬತ್ತು ವರ್ಷ ಹಿಡ್ಕೊಂಡಿದ್ದೆ."

ಯೂಜೀನಿಯಾ ಪೈಪನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಸೋರಿ ಮಾತ್ರ, ಯಂತ್ರದ ಬಾಡಿಗೆ ಬೇಡ, ಏಣಿ ಹತ್ತುವವರು ಬೇಕಾದರೆ ತಾನು ಉಳಿಯುತ್ತೇನೆ, ಹಿಂದಿನ ಗೋಡೆಗೆ ಆದದ್ದಕ್ಕೆ ಅಷ್ಟಾದರೂ ಮಾಡದೆ ಹೋದರೆ ತನಗೆ ಊಟ ಇಳಿಯುವುದಿಲ್ಲ ಎಂದ.

ಅಂದು ಸಂಜೆ ಇಯಾಮಿಡೆ ದೊಡ್ಡ ಕಡಾಯಿಯಲ್ಲಿ ಕಪ್ಪು ಸಾಬೂನು ಕರಗಿಸಲು ಇಟ್ಟಳು. ಕೋಕೋ ಸಿಪ್ಪೆಯ ಬೂದಿಯಿಂದ ಮಾಡುವ ಸಾಬೂನು ಅದು. ಬಿಸಿ ನೀರಿನಲ್ಲಿ ನೆನೆದರೆ ಹದವಾಗುತ್ತದೆ. ಅದಕ್ಕೆ ಪಾಚಿ ಸಾಯಲು ಒಂದು ಲೋಟ ಬ್ಲೀಚು. ಉಜ್ಜಲು ಒಣ ಹೀರೆಕಾಯಿಯ ನಾರು. ಗಟ್ಟಿ ಬ್ರಷ್ಷನ್ನು ಬಂಕೊಲೆ ಗೋಡೆಯ ಹತ್ತಿರ ಬಿಡುತ್ತಿರಲಿಲ್ಲ. ಇದೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು, ಏಕೆಂದರೆ ಪ್ರತಿ ವರ್ಷ ಸಾಬೂನು ಕಲಸಿದವಳು ಅವಳೇ. ಕಡಾಯಿಯಿಂದ ಎದ್ದ ಆ ಒರಟು ವಾಸನೆಗೆ ಅವಳಿಗೆ ಒಮ್ಮೆಲೇ ಡಿಸೆಂಬರುಗಳೆಲ್ಲ ನೆನಪಾದವು. ಅವನ ಹಳೆಯ ಖಾಕಿ ಚಡ್ಡಿ. ಗಂಟು ಹಾಕಿದ ಬನೀನು. ವರ್ಷವಿಡೀ ಬಾಯಿಗೆ ಬೀಗ ಹಾಕಿಕೊಂಡಂತಿರುವ ಮನುಷ್ಯ ಆ ಒಂದು ದಿನ ಯಾವುದೋ ಚರ್ಚಿನ ಹಾಡಿನ ಸಾಲನ್ನು ತಪ್ಪು ರಾಗದಲ್ಲಿ ಗುನುಗುತ್ತಿದ್ದದ್ದು.

ಬಂಕೊಲೆಗೆ ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುವ ಕೆಲಸ. ಬೆಳಕು ಹರಿಯುವ ಮೊದಲೇ ಗುಡ್ಡ ಇಳಿಯುತ್ತಿದ್ದ, ಕತ್ತಲಾದ ಮೇಲೆ ಹತ್ತಿ ಬರುತ್ತಿದ್ದ. ಉಂಡು ಮಲಗಿದರೆ ಮುಗಿಯಿತು. ಶನಿವಾರದ ಫುಫು ಮುದ್ದೆ ಮತ್ತು ಸೊಪ್ಪಿನ ಸಾರು ಚೆನ್ನಾಗಿದೆ ಅನ್ನಲೂ ತಲೆಯಾಡಿಸಿದರೆ ಹೆಚ್ಚು. ಅವರಿಗೆ ಮಕ್ಕಳಾಗಲಿಲ್ಲ. ಇಯಾಮಿಡೆ ಮನೆಯಲ್ಲೇ ಶುಂಠಿ ಕೇಕು ಸುಟ್ಟು ಮಾರುತ್ತಿದ್ದಳು. ಡಿಸೆಂಬರ್ ಎಂದರೆ ಅವಳಿಗೆ ಕ್ರಿಸ್‌ಮಸ್ ಕೇಕುಗಳ ತಿಂಗಳು. ಗೋಡೆ ತೊಳೆಯುವ ದಿನ ಒಲೆ ಹೊತ್ತಿಸುವಂತಿರಲಿಲ್ಲ, ಏಣಿ ಹಿಡಿಯಬೇಕಿತ್ತು. ಅದಕ್ಕೇ ಅವಳಿಗೆ ಆ ದಿನ ಮೊದಲಿನಿಂದಲೂ ಅವಸರ.

ಗುರುವಾರ ಬೆಳಿಗ್ಗೆ ಬಾಗಿಲಿನ ಎಡಗಡೆ ಏಣಿ ಇಟ್ಟರು. ಸೂರಿನ ಕೆಳಗಿನ ಹಲಗೆಯಿಂದ ಶುರು ಮಾಡು ಎಂದಳು ಇಯಾಮಿಡೆ. ಅವಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷವೂ ನೀರು ಬಿದ್ದದ್ದು ಅವಳ ತಲೆವಸ್ತ್ರದ ಮೇಲೆ, ಮೇಲಿನಿಂದ. ನೆಂದು ಒದ್ದೆಯಾದವಳಿಗೆ ನೀರು ಎಲ್ಲಿಂದ ಬಂತು ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೋರಿ ಹತ್ತಿದ. ಮೃದುವಾಗಿ ಉಜ್ಜಿದ. ಮೇಲಿನ ನಾಲ್ಕು ಹಲಗೆಗಳು ಬೆಳಗಿದವು. ಆದರೆ ಅಲ್ಲಿಂದ ಇಳಿದ ಸಾಬೂನಿನ ನೀರು ಕೆಳಗಿನ ಒಣ ಕೊಳೆಯ ಮೇಲೆ ಗೆರೆ ಗೆರೆಯಾಗಿ ಹರಿಯಿತು. ಬಿಸಿಲು ಬಿದ್ದು ಒಣಗಿತು. ಸೋರಿ ಆ ಮಟ್ಟಕ್ಕೆ ಇಳಿದು ಉಜ್ಜುವ ಹೊತ್ತಿಗೆ ಪಾಚಿಯೇನೋ ಹೋಯಿತು, ಗೆರೆಗಳು ಹೋಗಲಿಲ್ಲ. ಎಡಗಡೆಯ ಗೋಡೆ ಪೂರ್ತಿ, ಅತ್ತು ಮುಖ ತೊಳೆಯದ ಮಗುವಿನ ಕೆನ್ನೆಯ ಹಾಗೆ ಪಟ್ಟೆ ಪಟ್ಟೆಯಾಗಿ ನಿಂತಿತು. ಮತ್ತೆ ಉಜ್ಜಿದರು. ಮೂರನೆಯ ಸಲ ಉಜ್ಜಲು ಹೋದಾಗ ಸೋರಿಯೇ ಕೈ ತೆಗೆದ. ಇನ್ನು ಉಜ್ಜಿದರೆ ಬಣ್ಣ ಹೋಗುತ್ತದೆ ಎಂದ.

ಯೂಜೀನಿಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೈಯುವವಳು ಬೈದಿದ್ದರೆ ಇಯಾಮಿಡೆಗೆ ಸಹಿಸಲು ಸುಲಭವಾಗುತ್ತಿತ್ತು. ಬದಲಿಗೆ ಯೂಜೀನಿಯಾ ಅಳತೊಡಗಿದಳು. ಭಾನುವಾರ ಊರು ಬಂದು ಏನನ್ನುತ್ತದೆ, ಗಂಡ ಹೋದ ಮೇಲೆ ಈ ಹೆಂಗಸಿಗೆ ಅವನ ಗೋಡೆ ಬೇಡವಾಯಿತು ಅನ್ನುವುದಿಲ್ಲವೇ, ಅಣ್ಣನ ಹೆಸರು ಈ ಮನೆಯ ಮೇಲಲ್ಲದೆ ಇನ್ನೆಲ್ಲಿ ಉಳಿದಿದೆ ಎಂದು ಮೂಗು ಒರೆಸಿಕೊಂಡಳು. ಅದು ಕೊಂಕಲ್ಲ, ಸಂಕಟ. ಇಯಾಮಿಡೆಗೂ ಇದ್ದದ್ದು ಅದೇ ಸಂಕಟ. ಗೊತ್ತು ಎಂದು ಎದೆ ತಟ್ಟಿ ಹೇಳಿದ್ದಳಲ್ಲ! ಒಂದೇ ಒಂದು ಕೆಲಸ, ಗಂಡ ಪ್ರೀತಿಯಿಂದ ಮಾಡುತ್ತಿದ್ದ ಒಂದೇ ಕೆಲಸ, ಅವನ ಕಾಲ ಬುಡದಲ್ಲೇ ನಿಂತಿದ್ದವಳಿಗೆ ಗೊತ್ತಿರಲಿಲ್ಲ.

ಅವಳು ಅಂಗಳದ ಆ ತುದಿಗೆ ಹೋಗಿ ಗೋಡೆಯನ್ನೇ ನೋಡುತ್ತ ನಿಂತಳು. ಈ ಪಟ್ಟೆಗಳನ್ನು ಅವಳು ಹಿಂದೆಯೂ ನೋಡಿದ್ದಳು. ಇದೇ ಎಡಗಡೆಯಲ್ಲಿ. ಒಮ್ಮೆ ಮಾತ್ರ.

ಅದು ಅವನು ಕೊನೆಯ ಸಲ ತೊಳೆದ ವರ್ಷ. ಐವತ್ತೆಂಟು ದಾಟಿತ್ತು, ಉಸಿರು ಸಣ್ಣಗೆ ಕಟ್ಟುತ್ತಿತ್ತು. ಪ್ರತಿ ವರ್ಷದಂತೆ ಬೆಳಿಗ್ಗೆ ಎಂಟಕ್ಕೆ, ಪಕ್ಕದ ಸ್ಕೂಲಿನ ಮೊದಲ ಗಂಟೆಗೆ ಬಕೆಟ್ಟು ತಂದ. ಪ್ರತಿ ವರ್ಷದಂತೆ ಏಣಿಯನ್ನು ಒರಗಿಸಿ, ಅದನ್ನು ಹತ್ತದೆ, ಕೆಳಗೆ ಸ್ಟೂಲು ಹಾಕಿಕೊಂಡು ಕಲ್ಲಿನ ಮೇಲಿನ ಮೊದಲ ಹಲಗೆಯನ್ನು ಉಜ್ಜುತ್ತ ಕೂತ. ಅದು ಅವಳಿಗೆ ಎಂದಿನಿಂದಲೂ ತಲೆನೋವು. ಕೈ ಎಟುಕುವ ಹಲಗೆಗಳನ್ನು ಯಾರು ಬೇಕಾದರೂ ತೊಳೆಯಬಹುದು. ಹತ್ತಬೇಕಾದವನು ಹತ್ತಿ ಮುಗಿಸಿದರೆ ತನ್ನ ಒಲೆ ಹೊತ್ತುತ್ತದೆ. ಇವನೋ ಕೂತು ಮಾತಾಡುವವನು. ಯಾವ ಕಾಗದಕ್ಕೆ ವಿಳಾಸವೇ ಇರಲಿಲ್ಲ, ಯಾರಿಗೋ ಬಂದ ಪಾರ್ಸಲಿನಿಂದ ಒಣಮೀನಿನ ವಾಸನೆ ಬಂದು ಆಫೀಸೆಲ್ಲ ಹೇಗೆ ಮೂಗು ಮುಚ್ಚಿಕೊಂಡಿತು, ಈ ವರ್ಷ ಕೇಕು ಎಷ್ಟು ಜನ ಹೇಳಿದ್ದಾರೆ, ಚರ್ಚಿನ ಹಾಡುವ ಗುಂಪಿನಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು. ಹತ್ತೂವರೆಗೆ ಬಿಡುವಿನ ಗಂಟೆ ಹೊಡೆದು ಮಕ್ಕಳು ಕೂಗುತ್ತ ಹೊರಗೆ ಬರುವವರೆಗೂ ಏಣಿ ಖಾಲಿ, ಈಗ ಹತ್ತುತ್ತಾನೆಂದು ಅದನ್ನು ಹಿಡಿದು ಅವಳೂ ನಿಂತಿರುತ್ತಿದ್ದಳು. ಆಮೇಲೆ ಎದ್ದು ಒಂದೊಂದೇ ಹಲಗೆ ಮೇಲೆ ಹೋಗುತ್ತಿದ್ದ. ಪ್ರತಿ ವರ್ಷ ಅವಳು ಗೊಣಗುತ್ತಿದ್ದಳು, ಪ್ರತಿ ವರ್ಷ ಅವನು, ಕೆಳಗಿನ ಹಲಗೆ ಇನ್ನೂ ಮುಗಿದಿಲ್ಲ ಕಣೇ ಎಂದು ನಗುತ್ತಿದ್ದ.

ಆ ಕೊನೆಯ ವರ್ಷ ಅವಳು ಗೊಣಗಿ ಸುಮ್ಮನಾಗಲಿಲ್ಲ. ಅಂದು ಸಂಜೆಗೆ ಎಂಟು ಕೇಕು ಕೊಡಬೇಕಿತ್ತು. ಅವನು ಬಲಗಡೆಯ ಕೆಳಗಿನ ಹಲಗೆಗಳನ್ನು ಮುಗಿಸಿ ಎಡಗಡೆಗೆ ಸ್ಟೂಲು ಎಳೆದುಕೊಂಡಾಗ ಅವಳ ತಾಳ್ಮೆ ಕೆಟ್ಟಿತು.

"ಹತ್ತೋಕೆ ಹೆದರಿಕೆ ಆದ್ರೆ ಬಾಯಿಬಿಟ್ಟು ಹೇಳು, ಆಳು ಕರೀತೀನಿ," ಅಂದಿದ್ದಳು. "ಹೀಗೆ ಕೆಳಗೆ ಕೂತು ನನ್ನ ದಿನ ಹಾಳು ಮಾಡ್ಬೇಡ."

ಬಂಕೊಲೆ ನಾರನ್ನು ಬಕೆಟ್ಟಿಗೆ ಹಾಕಿದ. ಒಂದೂ ಮಾತಾಡದೆ ಏಣಿ ಹತ್ತಿದ. ಮಧ್ಯಾಹ್ನದ ಹೊತ್ತಿಗೆಲ್ಲ ಕೆಲಸ ಮುಗಿದಿತ್ತು, ಬಲಗಡೆ ಚೊಕ್ಕಟ, ಎಡಗಡೆ ಪಟ್ಟೆ. ಅವಳು ನೋಡಿ, ನಿನ್ನ ಕಣ್ಣು ಮಂಜಾಗಿದೆ ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಮುಂದಿನ ಡಿಸೆಂಬರಿಗೆ ಅವನಿರಲಿಲ್ಲ.

ಅಂಗಳದ ತುದಿಯಲ್ಲಿ ನಿಂತವಳಿಗೆ ಈಗ ಹೊಳೆಯಿತು. ಅವನ ಕಣ್ಣು ಮಂಜಾಗಿರಲಿಲ್ಲ. ಅವನು ಕಾಲ ಕಳೆಯುತ್ತಲೂ ಇರಲಿಲ್ಲ. ಕೆಳಗಿನ ಹಲಗೆ ಮೊದಲು ತೊಳೆದು ಒದ್ದೆಯಾಗಿದ್ದರೆ ಮೇಲಿನಿಂದ ಬಂದ ನೀರು ಜಾರಿ ಹೋಗುತ್ತದೆ; ಒಣ ಕೊಳೆಯ ಮೇಲೆ ಬಿದ್ದರೆ ಗೆರೆಯಾಗಿ ಕಚ್ಚುತ್ತದೆ. ಕೆಳಗಿನಿಂದ ಮೇಲೆ ಹೋಗಬೇಕಿತ್ತು. ಅವನು ಹೇಳುತ್ತಿದ್ದದ್ದು ನೆಪವಲ್ಲ, ಕೆಲಸ. ಅವಳು ಸೋರಿಯನ್ನು ಕರೆದು ಹೇಳಿದಳು. ಸೋರಿ ಗೋಡೆಯ ಮೇಲಿನ ಗೆರೆಗಳನ್ನು ಬೆರಳಿನಿಂದ ಕೆಳಗಿನವರೆಗೆ ಹಿಂಬಾಲಿಸಿ, ಸರಿ ಎಂದು ತಲೆಯಾಡಿಸಿದ. ಭಾರೀ ಜಾಣ ಮನುಷ್ಯ ಅಮ್ಮಾ ನಿಮ್ಮ ಯಜಮಾನ್ರು, ಇದನ್ನು ನಾನು ಇಷ್ಟು ವರ್ಷ ವಾಹನ ತೊಳೆದು ಕಲೀಲಿಲ್ಲ ಎಂದ.

ಶುಕ್ರವಾರ ಬೆಳಿಗ್ಗೆ ಸ್ಕೂಲಿನ ಮೊದಲ ಗಂಟೆ ಹೊಡೆಯುವಾಗ ಇಯಾಮಿಡೆ ಕಪ್ಪು ಬಟ್ಟೆಯನ್ನು ಮೇಲೆ ಸಿಕ್ಕಿಸಿ, ಬಾಗಿಲಿನ ಬಲಗಡೆ ಸ್ಟೂಲು ಹಾಕಿ ಕೂತಳು. ಕೆಳಗಿನದನ್ನು ತಾನೇ ಮಾಡುತ್ತೇನೆ, ಆಮೇಲೆ ನೀನು ಹತ್ತು ಎಂದು ಸೋರಿಗೆ ಹೇಳಿದಳು. ಅವಳದು ಅಭ್ಯಾಸವಿಲ್ಲದ ಕೈ, ಐವತ್ತೈದು ದಾಟಿದ ಬೆನ್ನು. ಬೆಳಗು ಪೂರ್ತಿ ಬೇಕಾಗುತ್ತದೆ ಎಂದುಕೊಂಡೇ ಕೂತಿದ್ದಳು. ನಾರು ಅದ್ದಿ, ಹಲಗೆಯ ಉದ್ದಕ್ಕೂ ಮೆಲ್ಲಗೆ ಎಳೆದಳು. ಪಾಚಿ ಸಲೀಸಾಗಿ ಬಂತು. ಒಂದನೆಯ ಹಲಗೆ, ಎರಡನೆಯದು, ಕೂತಲ್ಲಿಂದ ಕೈ ಎಟುಕುವ ಐದನೆಯದು. ಸ್ಟೂಲು ಸರಿಸುತ್ತ ಸರಿಸುತ್ತ ಗೋಡೆಯ ಕೊನೆಗೆ ಬಂದಳು. ತಿರುಗಿ ಎಡಗಡೆಯನ್ನೂ ಒದ್ದೆ ಮಾಡಿ ಮತ್ತೊಮ್ಮೆ ತೊಳೆದಳು. ಹಳೆಯ ಪಟ್ಟೆಗಳು ಮಸುಕಾದವು. ಎರಡು ಮಾತ್ರ ಉಳಿದವು, ಅವಕ್ಕೆ ಇನ್ನು ಮಾಡುವಂಥದ್ದೇನೂ ಇರಲಿಲ್ಲ.

ಕೆಲಸ ಮುಗಿದಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ ಹೊತ್ತು ನೋಡಿದಳು. ಬಿಸಿಲು ಇನ್ನೂ ಗೇಟು ದಾಟಿರಲಿಲ್ಲ. ಸ್ಕೂಲಿನ ಕಡೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಒಳಗೆ ಹೋಗಿ ಗಡಿಯಾರ ನೋಡಿದಳು. ಒಂಬತ್ತಕ್ಕೆ ಐದು ನಿಮಿಷ.

ಅವಳು ಗಡಿಯಾರದ ಎದುರು ನಿಂತೇ ಇದ್ದಳು. ಅಭ್ಯಾಸವಿಲ್ಲದ ತನಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಕೈ ಪಳಗಿದ ಅವನಿಗೆ ಮುಕ್ಕಾಲು ಗಂಟೆ ಸಾಕು. ಆದರೆ ಅವನು ಏಳುತ್ತಿದ್ದದ್ದು ಹತ್ತೂವರೆಗೆ. ಹಲಗೆಗೆ ಬೇಕಾದದ್ದು ಮುಕ್ಕಾಲು ಗಂಟೆ. ಉಳಿದದ್ದು ಹಲಗೆಗಾಗಿ ಅಲ್ಲ.

ವರ್ಷವಿಡೀ ಬಾಯಿ ತೆರೆಯದ ಮನುಷ್ಯ, ಹೆಂಡತಿ ಏಣಿಯ ಕಾಲು ಹಿಡಿದು ಎಲ್ಲಿಗೂ ಹೋಗಲಾರದೆ ನಿಂತಿರುವ ಆ ಒಂದು ಬೆಳಿಗ್ಗೆಗಾಗಿ ರಜೆ ಹಾಕುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತ ಕೂರುತ್ತಿದ್ದ. ಅವಳಾದರೋ ಆ ಹೊತ್ತನ್ನೆಲ್ಲ ಬೈದು ಕಳೆದಳು. ಒಂದೇ ಒಂದು ಸಲ ಕೇಕನ್ನು ಮರೆತು, ಆ ಪಾರ್ಸಲ್ಲಿನ ಒಣಮೀನು ಕೊನೆಗೆ ಯಾರ ಪಾಲಾಯಿತು ಎಂದು ಕೇಳಿದ್ದರೆ ಏನು ಹೋಗುತ್ತಿತ್ತು. ಇಯಾಮಿಡೆಗೆ ಅಳು ಬಂತು. ಶವದ ಮುಂದೆಯೂ ಹಾಗೆ ಅತ್ತಿರಲಿಲ್ಲ.

ಅತ್ತು, ಮುಖ ತೊಳೆದು ಹೊರಗೆ ಬಂದಳು. ಸೋರಿ ಏಣಿಯ ಹತ್ತಿರ ಕಾಯುತ್ತಿದ್ದ. ಹತ್ತು, ಒಂದೊಂದೇ ಹಲಗೆ ಮೇಲೆ ಹೋಗು, ಕೊನೆಗೆ ಮೇಲಿನಿಂದ ಬರೀ ನೀರು ಬಿಡು ಎಂದಳು. ಅವನು ಹತ್ತಿದ. ಅವನ ಬಕೆಟ್ಟಿನಿಂದ ಬಿದ್ದ ನೀರು ಒದ್ದೆ ಹಲಗೆಗಳ ಮೇಲೆ ಒಂದು ಗೆರೆಯನ್ನೂ ಬಿಡದೆ ಜಾರಿ ಕಲ್ಲಿಗೆ ಇಳಿಯಿತು. ಏಣಿ ಹಿಡಿದಿದ್ದ ಯೂಜೀನಿಯಾ ಅದನ್ನು ನೋಡಿ ದೊಡ್ಡ ಉಸಿರು ಬಿಟ್ಟಳು. ಭಾನುವಾರಕ್ಕೆ ಇನ್ನು ಹೆದರಿಕೆಯಿಲ್ಲ ಎಂದಳು.

ಇಯಾಮಿಡೆ ಏಣಿಯ ಪಕ್ಕಕ್ಕೇ ಸ್ಟೂಲು ಎಳೆದುಕೊಂಡು ಕೂತು, ಕಲ್ಲಿನ ಮೇಲಿನ ಮೊದಲ ಹಲಗೆಯನ್ನು ಮತ್ತೆ ಉಜ್ಜತೊಡಗಿದಳು. ಯೂಜೀನಿಯಾ ಏಣಿ ಬಿಡದೆ ಬಗ್ಗಿ ನೋಡಿದಳು.

"ಅದು ಆಗ್ಲೇ ತೊಳೆದಾಗಿದೆಯಲ್ಲ ಅತ್ತಿಗೆ?"

"ಗೊತ್ತು," ಅಂದಳು ಇಯಾಮಿಡೆ. ನಾರನ್ನು ಹಲಗೆಯ ಮೇಲಿಂದ ತೆಗೆಯಲಿಲ್ಲ. "ಏನಾದ್ರೂ ಮಾತಾಡು, ಯೂಜೀನಿಯಾ. ಬಿಡುವಿನ ಗಂಟೆ ಹೊಡಿಯೋಕೆ ಇನ್ನೂ ಹೊತ್ತಿದೆ."